ಲೋಹದ ಮೇಲೆ ಕೂತ ಅಣುವಿನ ಸಾಕ್ಷ್ಯ



ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನನಗೇ ಬಿಟ್ಟಿದ್ದಿರಿ. ಅದನ್ನು ಸ್ವಲ್ಪ ಅತಿಯಾಗಿಯೇ ಬಳಸಿಕೊಂಡಿದ್ದೇನೆ. ಆಹ್ವಾನ ಪತ್ರಿಕೆಯಲ್ಲಿ ‘ಲೋಹದ ಮೇಲ್ಮೈಯಲ್ಲಿ ಅನಿಲಗಳ ಅಧಿಶೋಷಣೆ’ ಎಂದು ದೊಡ್ಡದಾಗಿ ಅಚ್ಚಾಗಿದೆ, ಅಂದರೆ ಅನಿಲದ ಅಣುಗಳು ಲೋಹದ ಮೇಲೆ ಅಂಟಿ ಕೂರುವುದು. ನಾನು ಮಾತನಾಡುವುದು ಮಾತ್ರ ಒಂದೇ ಅನಿಲದ ಬಗ್ಗೆ, ಬಹುಪಾಲು ಒಂದೇ ಲೋಹದ ಬಗ್ಗೆ. ಅನಿಲ ಕಾರ್ಬನ್ ಮಾನಾಕ್ಸೈಡ್, ಲೋಹ ಪ್ಲಾಟಿನಂ. ಈ ಜೋಡಿಯನ್ನು ಎಪ್ಪತ್ತು ವರ್ಷಗಳಿಂದ ಬೆಳಕು ಹಾಯಿಸಿ ನೋಡುತ್ತಲೇ ಇದ್ದಾರೆ. ಬೆಳಕು ಕೊಟ್ಟ ಉತ್ತರ ಎಂದೂ ಸುಳ್ಳಾಗಿಲ್ಲ. ಆದರೆ ನಾವು ಕೇಳಿದ್ದೊಂದು, ಅದು ಉತ್ತರಿಸಿದ್ದು ಇನ್ನೊಂದು ಎಂಬುದು ಮತ್ತೆ ಮತ್ತೆ ತಡವಾಗಿ ತಿಳಿದಿದೆ. ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಪತ್ರಿಕೆ ಓದುವವರಿಗೆಲ್ಲ ಈ ಅನಿಲದ ಪರಿಚಯ ಇದೆ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನಕ್ಕೆ ಹೋದವರು ಈಚೆ ಬರಲಿಲ್ಲ ಎಂಬ ಸುದ್ದಿ ನಮ್ಮ ಊರುಗಳಿಂದಲೇ ಬರುತ್ತಿರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್ನಿನ ಕಬ್ಬಿಣಕ್ಕೆ ಆಮ್ಲಜನಕದ ಮೇಲಿರುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಒಲವು ಇದರ ಮೇಲೆ. ಒಮ್ಮೆ ಕೂತರೆ ಜಾಗ ಬಿಡುವುದಿಲ್ಲ. ಪ್ಲಾಟಿನಂ ಮೇಲೂ ಇದರ ವರ್ತನೆ ಹೀಗೆಯೇ. ಕಾರಿನ ಹೊಗೆಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇರುತ್ತದೆ. ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ಸಣ್ಣ ಕಣಗಳು ಈ ವಿಷಾನಿಲವನ್ನು ಆಮ್ಲಜನಕದ ಜೊತೆ ಸೇರಿಸಿ ಇಂಗಾಲದ ಡೈಆಕ್ಸೈಡ್ ಮಾಡಿ ಹೊರಗೆ ಬಿಡುತ್ತವೆ. ಆದರೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಡಬ್ಬಿ ಕೆಲಸ ಮಾಡುವುದಿಲ್ಲ. ಲೋಹದ ಮೇಲೆಲ್ಲ ಕಾರ್ಬನ್ ಮಾನಾಕ್ಸೈಡ್ ಒತ್ತೊತ್ತಾಗಿ ಕೂತು ಆಮ್ಲಜನಕಕ್ಕೆ ಕಾಲಿಡಲು ಜಾಗವನ್ನೇ ಕೊಟ್ಟಿರುವುದಿಲ್ಲ. ಡಬ್ಬಿ ಇನ್ನೂರು ಮುನ್ನೂರು ಡಿಗ್ರಿಗೆ ಕಾದಾಗ ಕೆಲವು ಅಣುಗಳು ಎದ್ದು ಹೋಗುತ್ತವೆ, ಆಮ್ಲಜನಕ ಒಳನುಗ್ಗುತ್ತದೆ, ಕ್ರಿಯೆ ಹೊತ್ತಿಕೊಳ್ಳುತ್ತದೆ. 1995ರ ಏಪ್ರಿಲ್‌ನಿಂದ ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಈ ಡಬ್ಬಿ ಕಡ್ಡಾಯವಾಯಿತು. ಬೆಂಗಳೂರು ಆ ನಾಲ್ಕರಲ್ಲಿ ಇರಲಿಲ್ಲ. ಸೀಸವಿಲ್ಲದ ಪೆಟ್ರೋಲ್ ಬಂದದ್ದೂ ಇದರ ಜೊತೆಗೇ, ಯಾಕೆಂದರೆ ಸೀಸ ಈ ಲೋಹಗಳ ಮೇಲೆ ಕೂತರೆ ಬಿಸಿ ಮಾಡಿದರೂ ಏಳುವುದಿಲ್ಲ.

ತಣ್ಣನೆಯ ಪ್ಲಾಟಿನಂ ಯಾಕೆ ಸುಮ್ಮನಿರುತ್ತದೆ ಎಂಬುದನ್ನು 1922ರಲ್ಲಿಯೇ ಬರೆದಿಟ್ಟವರು ಅರ್ವಿಂಗ್ ಲ್ಯಾಂಗ್‌ಮ್ಯೂರ್. ಅವರು ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿದ್ದರು. ವಿದ್ಯುತ್ ಬಲ್ಬಿನೊಳಗೆ ಟಂಗ್‌ಸ್ಟನ್ ತಂತು ಅನಿಲಗಳ ಜೊತೆ ಹೇಗೆ ವರ್ತಿಸುತ್ತದೆ ಎಂದು ನೋಡುತ್ತ ನೋಡುತ್ತ ಮೇಲ್ಮೈ ರಸಾಯನಶಾಸ್ತ್ರ ಎಂಬ ಒಂದು ಶಾಸ್ತ್ರವನ್ನೇ ಕಟ್ಟಿದರು. ಘನವಸ್ತುವಿನ ಮೇಲ್ಮೈ ಒಂದು ನಿರ್ದಿಷ್ಟ ಸಂಖ್ಯೆಯ ಆಸನಗಳಿರುವ ಜಾಗ, ಅಲ್ಲಿ ಅನಿಲ ಒಂದೇ ಅಣುವಿನಷ್ಟು ದಪ್ಪದ ಪದರವಾಗಿ ಕೂರುತ್ತದೆ ಎಂಬುದು ಅವರ ಮೂಲ ಕಲ್ಪನೆ. ಅದಕ್ಕೆ ಮುಂಚೆ ಬಹಳ ಜನ ಲೋಹದ ಸುತ್ತ ಅನಿಲ ವಾತಾವರಣದಂತೆ ದಟ್ಟವಾಗಿ ಕವಿದಿರುತ್ತದೆ ಎಂದುಕೊಂಡಿದ್ದರು. 1932ರಲ್ಲಿ ಲ್ಯಾಂಗ್‌ಮ್ಯೂರ್‌ಗೆ ನೊಬೆಲ್ ಬಂತು. ಆದರೆ ಅವರು ಎಣಿಸಿದ್ದು ಒತ್ತಡ, ಉಷ್ಣತೆ, ಕಡಿಮೆಯಾದ ಅನಿಲದ ಪ್ರಮಾಣ, ಇಷ್ಟನ್ನೇ. ಕೂತ ಅಣುವನ್ನು ಕೂತಿರುವಾಗಲೇ ಮಾತನಾಡಿಸಲು ಅವರ ಬಳಿ ಸಾಧನ ಇರಲಿಲ್ಲ.

ಮಾತನಾಡಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಪ್ಲಾಟಿನಂನ ಒಂದು ಚದರ ಸೆಂಟಿಮೀಟರಿನಲ್ಲಿ, ಪರಮಾಣುಗಳು ಅತ್ಯಂತ ಒತ್ತಾಗಿ ಜೋಡಣೆಯಾಗಿರುವ ಮುಖದಲ್ಲಿ, ಸುಮಾರು 15 ಕೋಟಿ ಕೋಟಿ ಪರಮಾಣುಗಳಿವೆ. ಕೇಳಲು ಬಹಳ. ಆದರೆ ನಮ್ಮ ಸುತ್ತಲಿನ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ ಇದರ ಹದಿನಾರು ಸಾವಿರ ಪಟ್ಟು ಅಣುಗಳಿವೆ. ಅಂದರೆ ಪ್ರತಿ ಪ್ಲಾಟಿನಂ ಪರಮಾಣುವಿನ ಮೇಲೂ ಒಂದೊಂದು ಅಣು ಕೂತರೂ, ಒಂದು ಮೈಕ್ರಾನಿಗಿಂತ ತೆಳುವಾದ ಅನಿಲದ ಪರೆಯಲ್ಲಿ ಇರುವಷ್ಟು ಅಣುಗಳು ಮಾತ್ರ ಬೆಳಕಿಗೆ ಸಿಗುತ್ತವೆ. ಹಿಂದೆ ಇರುವ ಲೋಹವೋ, ಬೆಳಕನ್ನು ಒಳಗೆ ಬಿಡದ ಗೋಡೆ.

ಬೆಳಕು ಏನನ್ನು ನೋಡುತ್ತದೆ? ಕಾರ್ಬನ್ ಮಾನಾಕ್ಸೈಡಿನಲ್ಲಿ ಎರಡೇ ಪರಮಾಣು, ಮಧ್ಯೆ ಒಂದು ಬಂಧ. ಆ ಬಂಧ ಸದಾ ಹಿಗ್ಗಿ ಕುಗ್ಗಿ ಮಾಡುತ್ತಿರುತ್ತದೆ, ಸೆಕೆಂಡಿಗೆ ಸುಮಾರು 64 ಲಕ್ಷ ಕೋಟಿ ಸಲ. ಅದೇ ವೇಗದಲ್ಲಿ ಕಂಪಿಸುವ ಬೆಳಕು ಬಿದ್ದರೆ ಅಣು ಅದನ್ನು ಹೀರಿಕೊಳ್ಳುತ್ತದೆ. ಅಂಥ ಬೆಳಕು ಕಣ್ಣಿಗೆ ಕಾಣದ ಅವಕೆಂಪು ಭಾಗದಲ್ಲಿದೆ. ರೋಹಿತಶಾಸ್ತ್ರದವರು ಈ ಉದ್ದನೆಯ ಅಂಕಿಗಳ ಗೋಜಿಗೆ ಹೋಗದೆ, ಒಂದು ಸೆಂಟಿಮೀಟರ್ ಉದ್ದದಲ್ಲಿ ಆ ಬೆಳಕಿನ ಎಷ್ಟು ಅಲೆ ಹಿಡಿಸುತ್ತವೆ ಎಂದು ಎಣಿಸುತ್ತಾರೆ. ಇದಕ್ಕೆ ತರಂಗ ಸಂಖ್ಯೆ ಎಂದು ಹೆಸರು. ಯಾವುದಕ್ಕೂ ಅಂಟದೆ ತಿರುಗುವ ಕಾರ್ಬನ್ ಮಾನಾಕ್ಸೈಡಿಗೆ ಇದು 2143. ಇನ್ನು ಮುಂದೆ ನಾನು 2000, 1900 ಎಂದು ಹೇಳುವ ಅಂಕಿಗಳೆಲ್ಲ ಇವೇ. ಇಸವಿಗಳ ಜೊತೆ ಕಲೆಸಿಕೊಳ್ಳಬೇಡಿ ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ, ಪ್ರತಿ ವರ್ಷವೂ ಕಲೆಸಿಕೊಳ್ಳುತ್ತಿದ್ದರು.

1954ರಲ್ಲಿ ನ್ಯೂಯಾರ್ಕ್ ರಾಜ್ಯದ ಬೀಕನ್ ಎಂಬ ಊರಿನ ಒಂದು ತೈಲ ಕಂಪನಿಯ ಪ್ರಯೋಗಾಲಯದಲ್ಲಿ ರಾಬರ್ಟ್ ಐಶೆನ್ಸ್ ಮತ್ತು ಸಂಗಡಿಗರು ಗೋಡೆಯ ಸಮಸ್ಯೆಗೆ ಒಂದು ಸರಳ ದಾರಿ ಹುಡುಕಿದರು. ಲೋಹ ಗಟ್ಟಿಯಾಗಿದ್ದರೆ ತಾನೆ ಬೆಳಕು ಹಾಯದಿರುವುದು? ಅದನ್ನು ಬೆಳಕಿನ ಅಲೆಗಿಂತ ಎಷ್ಟೋ ಚಿಕ್ಕದಾದ ಕಣಗಳಾಗಿ ಮಾಡಿ, ಸಿಲಿಕಾದ ಅತಿ ನಯವಾದ ಪುಡಿಯ ಮೇಲೆ ಹರಡಿದರು. ಅಂಥ ಪುಡಿಯ ಒಂದು ಗ್ರಾಂಗೆ ಇನ್ನೂರು ಚದರ ಮೀಟರಿನಷ್ಟು ಮೇಲ್ಮೈ ಇರುತ್ತದೆ. ಬೆಳಕು ಪುಡಿಯ ಮೂಲಕ ಹಾಯುವಾಗ ಒಂದಲ್ಲ, ಸಾವಿರಾರು ಮೇಲ್ಮೈಗಳನ್ನು ಸವರಿಕೊಂಡು ಬರುತ್ತದೆ. ಬೆಳಕನ್ನು ತರಂಗ ಸಂಖ್ಯೆಯ ಪ್ರಕಾರ ಬಿಡಿಸಿ ತೋರಿಸುವ ರೋಹಿತದಲ್ಲಿ, ಅಣು ಬೆಳಕು ಹೀರಿದ ಜಾಗಗಳ ಪಟ್ಟಿಗಳು ಸ್ಪಷ್ಟವಾಗಿ ಮೂಡಿದವು. ಪ್ಲಾಟಿನಂ ಮೇಲೆ 2070ರ ಆಸುಪಾಸಿನಲ್ಲಿ ಬಲವಾದ ಪಟ್ಟಿ; ನಿಕಲ್, ಪಲ್ಲಾಡಿಯಂಗಳ ಮೇಲೆ 1900ರ ಸುತ್ತಮುತ್ತ ಅಗಲವಾದ ಪಟ್ಟಿಗಳು.

ಎರಡು ಥರದ ಪಟ್ಟಿ ಯಾಕೆ? ಐಶೆನ್ಸ್‌ಗೆ ಉತ್ತರ ಸಿಕ್ಕಿದ್ದು ಮೇಲ್ಮೈಯಿಂದಲ್ಲ, ಸೀಸೆಯೊಳಗಿನ ರಸಾಯನಶಾಸ್ತ್ರದಿಂದ. ಲುಡ್ವಿಗ್ ಮಾಂಡ್ 1890ರಲ್ಲಿ ಕಂಡುಹಿಡಿದ ನಿಕಲ್ ಕಾರ್ಬೊನಿಲ್‌ನಂಥ ಸಂಯುಕ್ತಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಒಂದೇ ಲೋಹ ಪರಮಾಣುವಿಗೆ ನೆಟ್ಟಗೆ ಅಂಟಿರುತ್ತದೆ, ಅದರ ಪಟ್ಟಿ 2000ಕ್ಕಿಂತ ಮೇಲೆ ಬರುತ್ತದೆ. ಎರಡು ಲೋಹ ಪರಮಾಣುಗಳ ನಡುವೆ ಸೇತುವೆಯಂತೆ ಕೂತಿರುವ ಸಂಯುಕ್ತಗಳೂ ಇವೆ, ಅವುಗಳಲ್ಲಿ 1800–1900ರ ವಲಯಕ್ಕೆ ಇಳಿಯುತ್ತದೆ. ಹಾಗಾದರೆ ಮೇಲ್ಮೈಯಲ್ಲೂ ಅದೇ ಇರಬೇಕು: 2070 ಎಂದರೆ ಒಂದು ಪರಮಾಣುವಿನ ನೆತ್ತಿಯ ಮೇಲೆ, 1900 ಎಂದರೆ ಎರಡರ ನಡುವೆ. ಎಂಥ ಅನುಕೂಲ ನೋಡಿ! ರೋಹಿತದ ಅಂಕಿ ಓದಿದರೆ ಅಣುವಿನ ವಿಳಾಸ ಸಿಕ್ಕಿತು. ಮುಂದಿನ ನಾಲ್ಕು ದಶಕ ಈ ನಿಯಮವನ್ನು ಪಠ್ಯಪುಸ್ತಕಗಳು ಒಂದರಿಂದ ಒಂದು ಎತ್ತಿಕೊಂಡವು. ನಾನೂ ಅದನ್ನು ಕೋಷ್ಟಕ ಬರೆದು ಪಾಠ ಮಾಡಿದವನೇ.

ಆದರೆ ಕಂಪನದ ವೇಗ ಯಾಕೆ ಇಳಿಯುತ್ತದೆ ಎಂದು ಕೇಳಿದರೆ ಬರುವ ಉತ್ತರದಲ್ಲಿ ವಿಳಾಸದ ಮಾತೇ ಇಲ್ಲ. 1964ರಲ್ಲಿ ಜಾರ್ಜ್ ಬ್ಲೈಹೋಲ್ಡರ್ ಕೊಟ್ಟ ಚಿತ್ರ ಇದು. ಅಣುವಿನ ಕಾರ್ಬನ್ ತುದಿಯಲ್ಲಿ ಒಂದು ಜೊತೆ ಎಲೆಕ್ಟ್ರಾನುಗಳಿವೆ, ಅವು ಲೋಹದ ಕಡೆ ಒಂದಿಷ್ಟು ವಾಲುತ್ತವೆ. ಪ್ರತಿಯಾಗಿ ಲೋಹ ತನ್ನ ಎಲೆಕ್ಟ್ರಾನುಗಳಲ್ಲಿ ಒಂದಿಷ್ಟನ್ನು ಅಣುವಿಗೆ ಕೊಡುತ್ತದೆ. ಆದರೆ ಅಣುವಿನಲ್ಲಿ ಅವುಗಳಿಗೆ ಖಾಲಿ ಇರುವ ಜಾಗ ಎಂಥದೆಂದರೆ, ಅಲ್ಲಿ ಎಲೆಕ್ಟ್ರಾನ್ ಬಂದು ಕೂತಷ್ಟೂ ಕಾರ್ಬನ್ ಮತ್ತು ಆಮ್ಲಜನಕದ ನಡುವಿನ ಬಂಧ ಸಡಿಲವಾಗುತ್ತದೆ. ಲೋಹದ ಜೊತೆ ನಂಟು ಗಟ್ಟಿಯಾದಂತೆ ಒಳಗಿನ ನಂಟು ಸೊರಗುತ್ತದೆ. ಸೊರಗಿದ ಬಂಧ ನಿಧಾನ ಕಂಪಿಸುತ್ತದೆ, 2143 ಇಳಿದು 2070 ಆಗುತ್ತದೆ. ಹಿಮೋಗ್ಲೋಬಿನ್ನಿನ ಕಬ್ಬಿಣದ ಮೇಲೆ ಕೂತ ಕಾರ್ಬನ್ ಮಾನಾಕ್ಸೈಡಿನ ಪಟ್ಟಿ 1951ರಲ್ಲಿದೆ. ಅಲ್ಲಿ ಅದು ಒಂದೇ ಒಂದು ಕಬ್ಬಿಣದ ಪರಮಾಣುವಿಗೆ ಅಂಟಿದೆ, ಸೇತುವೆ ಕಟ್ಟಲು ಪಕ್ಕದಲ್ಲಿ ಎರಡನೆಯ ಲೋಹವೇ ಇಲ್ಲ. ಐಶೆನ್ಸ್ ನಿಯಮವನ್ನು ಕಣ್ಣುಮುಚ್ಚಿ ಹಚ್ಚಿದ್ದರೆ ರಕ್ತದಲ್ಲಿ ಇಲ್ಲದ ಸೇತುವೆ ಕಾಣಿಸಿರುತ್ತಿತ್ತು. ಬೆಳಕು ಹೇಳುತ್ತಿದ್ದದ್ದು ಬಂಧದ ಸ್ಥಿತಿಯನ್ನು. ವಿಳಾಸ ನಾವು ಊಹಿಸಿಕೊಂಡದ್ದು.

ಪುಡಿಯ ಮೇಲಿನ ಕಣಗಳು ಒಂದೊಂದೂ ಒಂದೊಂದು ಆಕಾರ. ಮೂಲೆ, ಅಂಚು, ಸಪಾಟು ಮುಖ ಎಲ್ಲ ಕಲೆತಿರುತ್ತದೆ. ಸ್ವಚ್ಛವಾಗಿ ಕತ್ತರಿಸಿದ ಒಂಟಿ ಹರಳಿನ ಮೇಲೆ ನೋಡದೆ ಈ ವಿಳಾಸದ ವಿವಾದ ತೀರುವಂತಿರಲಿಲ್ಲ. ಹರಳು ಎಂದರೆ ಮತ್ತೆ ಗೋಡೆ. ಆದ್ದರಿಂದ ಬೆಳಕನ್ನು ಗೋಡೆಗೆ ಬಡಿದು ಹಿಂತಿರುಗಿ ಬರುವಂತೆ ಮಾಡಬೇಕು. ಮೊದಲ ಪ್ರಯತ್ನಗಳಲ್ಲಿ ಸಿಕ್ಕಿದ್ದು ತೀರಾ ಕ್ಷೀಣ. ಯಾಕೆ ಎಂಬುದನ್ನು 1966ರಲ್ಲಿ ಲೆಕ್ಕ ಹಾಕಿ ತೋರಿಸಿದವರು ರಾಬರ್ಟ್ ಗ್ರೀನ್ಲರ್. ಬೆಳಕು ನೇರವಾಗಿ ಬಿದ್ದಾಗ ಒಳಬರುವ ಅಲೆಯೂ ಪ್ರತಿಫಲಿಸಿದ ಅಲೆಯೂ ಲೋಹದ ಹೊಸ್ತಿಲಲ್ಲಿಯೇ ಒಂದನ್ನೊಂದು ಅಳಿಸಿಹಾಕುತ್ತವೆ. ಅಣು ಕೂತಿರುವುದು ಅಲ್ಲಿಯೇ, ಅಲ್ಲಿ ಬೆಳಕಿನ ವಿದ್ಯುತ್ ಕ್ಷೇತ್ರ ಹೆಚ್ಚುಕಡಿಮೆ ಸೊನ್ನೆ. ಅದರ ಬದಲು ಬೆಳಕನ್ನು ಮೇಲ್ಮೈಗೆ ತಾಗಿ ತಾಗದ ಹಾಗೆ, ಲಂಬದಿಂದ 88 ಡಿಗ್ರಿಯಷ್ಟು ವಾಲಿಸಿ, ಕ್ಷೇತ್ರ ಲೋಹಕ್ಕೆ ನೆಟ್ಟಗೆ ನಿಲ್ಲುವಂತೆ ಧ್ರುವೀಕರಿಸಿ ಹಾಯಿಸಿದರೆ ಎರಡೂ ಅಲೆಗಳ ಕ್ಷೇತ್ರ ಅಲ್ಲಿ ಕೂಡಿಕೊಳ್ಳುತ್ತದೆ. ಇದೇ ಗ್ರೀನ್ಲರ್ ಕಾಮನಬಿಲ್ಲು, ಸೂರ್ಯನ ಸುತ್ತಲಿನ ಪರಿವೇಷಗಳ ಮೇಲೆ 1980ರಲ್ಲಿ ಒಂದು ಸುಂದರ ಪುಸ್ತಕವನ್ನೂ ಬರೆದರು. ಬೆಳಕಿನ ಕೋನಗಳ ಮೇಲೆ ಅಷ್ಟು ಪ್ರೀತಿ ಇದ್ದವರಿಗೇ ಈ 88 ಡಿಗ್ರಿ ಹೊಳೆದದ್ದು ಎಂದು ನನಗೆ ಅನ್ನಿಸುತ್ತದೆ.

ಇದರಿಂದ ಒಂದು ಕಟ್ಟುಪಾಡೂ ಹುಟ್ಟಿತು. ಲೋಹ ಕನ್ನಡಿಯಾದ್ದರಿಂದ ಅಣುವಿನ ವಿದ್ಯುತ್ ಕಂಪನಕ್ಕೆ ಲೋಹದೊಳಗೆ ಒಂದು ಬಿಂಬ ಮೂಡುತ್ತದೆ. ಅಣು ನೆಟ್ಟಗೆ ನಿಂತು ಕಂಪಿಸಿದರೆ ಬಿಂಬ ಅದಕ್ಕೆ ಬಲ ಕೊಡುತ್ತದೆ, ಅಡ್ಡಲಾಗಿ ಮಲಗಿ ಕಂಪಿಸಿದರೆ ಬಿಂಬ ಅದನ್ನು ಅಳಿಸುತ್ತದೆ. ಹಾಗಾಗಿ ಮೇಲ್ಮೈಗೆ ಲಂಬವಾದ ಕಂಪನ ಮಾತ್ರ ನಮಗೆ ಕಾಣುತ್ತದೆ. ಪಟ್ಟಿ ಕಾಣಲಿಲ್ಲ ಎಂದರೆ ಅಣು ಇಲ್ಲ ಎಂದು ಅರ್ಥವಲ್ಲ, ಮಲಗಿರಬಹುದು.

ಇನ್ನೊಂದು ತೊಡಕು ನಿರ್ವಾತದ್ದು. ಗಾಳಿಯ ಒತ್ತಡವನ್ನು ಟಾರ್ ಎಂಬ ಮಾನದ ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಸಿದರೂ, ಬಡಿದ ಅಣುವೆಲ್ಲ ಅಂಟಿಕೊಳ್ಳುವುದಾದರೆ, ಒಂದೇ ಸೆಕೆಂಡಿನಲ್ಲಿ ಶುದ್ಧ ಮೇಲ್ಮೈ ಮುಚ್ಚಿಹೋಗುತ್ತದೆ. ಆ ಒತ್ತಡದಲ್ಲಿ ಒಂದು ಸೆಕೆಂಡ್ ಇಡುವುದಕ್ಕೆ ಒಂದು ‘ಲ್ಯಾಂಗ್‌ಮ್ಯೂರ್’ ಎಂದೇ ಹೆಸರು. ಪ್ರಯೋಗಕ್ಕೆ ಎರಡು ಮೂರು ಗಂಟೆ ಬಿಡುವು ಬೇಕಾದರೆ ಒತ್ತಡವನ್ನು ಇನ್ನೂ ಹತ್ತು ಸಾವಿರ ಪಟ್ಟು ಇಳಿಸಬೇಕು. ಅದಕ್ಕೆ ಉಕ್ಕಿನ ಕೋಣೆಯನ್ನು ದಿನಗಟ್ಟಲೆ ಬೇಯಿಸಬೇಕು. ಅಷ್ಟರಲ್ಲಿ ಯಾರಾದರೂ ಒಂದು ಕವಾಟ ತಪ್ಪಾಗಿ ತಿರುಗಿಸಿದರೆ ಮತ್ತೆ ಮೊದಲಿನಿಂದ. ಮೇಲ್ಮೈ ವಿಜ್ಞಾನಿಗಳ ಮುಖದಲ್ಲಿ ಸಾಮಾನ್ಯವಾಗಿ ಕಾಣುವ ದಣಿವಿಗೆ ಇದು ಅರ್ಧ ಕಾರಣ.

ಒಂಟಿ ಹರಳಿನ ಮೇಲೆ ಅಣುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೂರಿಸುತ್ತ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಪ್ಲಾಟಿನಂನ ಒತ್ತು ಜೋಡಣೆಯ ಮುಖದ ಮೇಲೆ ಅಣುಗಳು ವಿರಳವಾಗಿರುವಾಗ ಪಟ್ಟಿ 2065ರ ಹತ್ತಿರ ಇರುತ್ತದೆ. ಜನ ಹೆಚ್ಚಾದ ಹಾಗೆ ಮೇಲೇರಿ ತುಂಬಿದಾಗ 2100ರ ಹತ್ತಿರ ಹೋಗುತ್ತದೆ. ಸರಳ ವಿವರಣೆ ಕೈಯಲ್ಲೇ ಇತ್ತು: ಲೋಹದ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವವರು ಹೆಚ್ಚಾದರು, ತಲೆಗೆ ಸಿಗುವ ಪಾಲು ಕಡಿಮೆಯಾಯಿತು, ಒಳಬಂಧ ಮತ್ತೆ ಗಟ್ಟಿಯಾಯಿತು. ಎಷ್ಟು ಸಹಜವಾಗಿ ಕೇಳುತ್ತದೆ! ಪರೀಕ್ಷೆಗೆ ಬರೆದರೆ ಪೂರ್ತಿ ಅಂಕ ಸಿಗುತ್ತಿತ್ತು. ಆದರೆ ಇದನ್ನು ಪ್ರಶ್ನಿಸುವ ಉಪಾಯ 1965ರಲ್ಲಿಯೇ ಐಶೆನ್ಸ್ ಮತ್ತು ಸಂಗಡಿಗರ ಕೈಯಲ್ಲಿತ್ತು.

ಕಾರ್ಬನ್‌ನಲ್ಲಿ 12ರ ತೂಕದ್ದೂ 13ರ ತೂಕದ್ದೂ ಇವೆ. ತಂಬೂರಿಯಲ್ಲಿ ದಪ್ಪ ತಂತಿ ಮಂದ್ರದಲ್ಲಿ ಮಿಡಿಯುವ ಹಾಗೆ, ತೂಕದ ಕಾರ್ಬನ್ ಇರುವ ಅಣು ಸುಮಾರು 48ರಷ್ಟು ಕೆಳಗೆ, 2095ರಲ್ಲಿ ಕಂಪಿಸುತ್ತದೆ. ರಸಾಯನಶಾಸ್ತ್ರದ ಮಟ್ಟಿಗೆ ಎರಡೂ ಒಂದೇ, ಲೋಹದಿಂದ ಇಸಿದುಕೊಳ್ಳುವ ಎಲೆಕ್ಟ್ರಾನಿನಲ್ಲೂ ಭೇದವಿಲ್ಲ. ಮೇಲ್ಮೈಯನ್ನು ಪೂರ್ತಿ ತುಂಬಿಸಿ, ಆದರೆ ಬಹುಪಾಲು ತೂಕದ ಅಣುಗಳನ್ನೇ ಇಟ್ಟು, ನಡುನಡುವೆ ಹಗುರದ್ದು ಕೆಲವನ್ನು ಮಾತ್ರ ಬೆರೆಸಿದರು ಎನ್ನಿ. ಎಲೆಕ್ಟ್ರಾನುಗಳ ಹಂಚಿಕೆಯೇ ಕಾರಣವಾಗಿದ್ದರೆ ಈ ಹಗುರ ಅಣುಗಳ ಪಟ್ಟಿ ಏರಿದ ಜಾಗದಲ್ಲಿಯೇ ಇರಬೇಕು, ಏಕೆಂದರೆ ಸುತ್ತಲಿನ ಸಂದಣಿ ಬದಲಾಗಿಲ್ಲ. ಆದರೆ ಹಾಗಾಗಲಿಲ್ಲ. ಪಟ್ಟಿ ವಿರಳ ಅಣುಗಳ ಜಾಗದ ಕಡೆಗೆ ಇಳಿಯಿತು. ಎಪ್ಪತ್ತರ ದಶಕದಲ್ಲಿ ಡೇವಿಡ್ ಕಿಂಗ್ ಮತ್ತು ಸಹೋದ್ಯೋಗಿಗಳು ಒಂಟಿ ಹರಳಿನ ಮೇಲೆ ಇದನ್ನು ಖಚಿತಪಡಿಸಿದರು. ಒಂದೇ ವೇಗದಲ್ಲಿ ಕಂಪಿಸುವ ನೆರೆಹೊರೆಯ ಅಣುಗಳು ತಮ್ಮ ವಿದ್ಯುತ್ ಕ್ಷೇತ್ರಗಳಿಂದ ಒಂದನ್ನೊಂದು ಹಿಡಿದುಕೊಂಡು ಒಟ್ಟಾಗಿ ಕಂಪಿಸುತ್ತವೆ. ಪ್ಲಾಟಿನಂ ಮೇಲೆ ಕಂಡ ಏರಿಕೆ ಹೆಚ್ಚುಕಡಿಮೆ ಪೂರ್ತಿ ಇದರದೇ. ವೇಗ ಬೇರೆಯಾದ ನೆರೆಯವರ ನಡುವೆ ಈ ಹಿಡಿತ ಸಡಿಲ. ನಮ್ಮ ಸುಂದರ ವಿವರಣೆಗೆ ಪ್ಲಾಟಿನಂನಲ್ಲಿ ಕೆಲಸವೇ ಇರಲಿಲ್ಲ.

ತಾಮ್ರದ್ದು ಇನ್ನೂ ತಮಾಷೆ. ಅಲ್ಲಿ ಅಣುಗಳು ತುಂಬಿದರೂ ಪಟ್ಟಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಾಗಾದರೆ ಏನೂ ನಡೆಯುತ್ತಿಲ್ಲವೇ? ಲಂಡನ್ನಿನ ಹಾಲಿನ್ಸ್ ಮತ್ತು ಪ್ರಿಚರ್ಡ್ ಕಾರ್ಬನ್ನಿನ ತೂಕ ಬದಲಿಸುವ ಇದೇ ಉಪಾಯದಿಂದ ಬಿಡಿಸಿ ನೋಡಿದಾಗ, ನೆರೆಯವರ ಹಿಡಿತ ಪಟ್ಟಿಯನ್ನು ಮೇಲಕ್ಕೂ ರಾಸಾಯನಿಕ ಪರಿಣಾಮ ಕೆಳಕ್ಕೂ ಹೆಚ್ಚುಕಡಿಮೆ ಸಮನಾಗಿ ಎಳೆಯುತ್ತಿದ್ದವು. ಏನೂ ಅಲುಗದ ಅಂಕಿಯ ಹಿಂದೆ ಎರಡು ಬಲಗಳು ಜಗ್ಗಾಡುತ್ತಿದ್ದವು.

ಇಲ್ಲಿಗೆ ಅಂಕಿಯ ಮೇಲಿನ ನಂಬಿಕೆ ಅರ್ಧ ಹೋಯಿತು. ಪಟ್ಟಿಯ ಗಾತ್ರದ ಮೇಲಿನ ನಂಬಿಕೆ? ಪ್ಲಾಟಿನಂ ಮೇಲೆ ಪ್ರತಿ ಎರಡು ಪರಮಾಣುವಿಗೆ ಒಂದು ಅಣು ಎಂಬಷ್ಟು ತುಂಬಿದಾಗ ಒಂದು ಅಚ್ಚುಕಟ್ಟಾದ ವಿನ್ಯಾಸ ಏರ್ಪಡುತ್ತದೆ. ಎಲೆಕ್ಟ್ರಾನ್ ವಿವರ್ತನೆಯಿಂದ ಅದರ ರಚನೆಯನ್ನು ಬಿಡಿಸಿದಾಗ ನೆತ್ತಿಯ ಮೇಲೆ ಎಷ್ಟು ಅಣುಗಳೋ ಸೇತುವೆಯಲ್ಲೂ ಅಷ್ಟೇ ಎಂದು ತಿಳಿಯಿತು. ಅವಕೆಂಪು ರೋಹಿತದಲ್ಲಿ ಮಾತ್ರ ನೆತ್ತಿಯ ಪಟ್ಟಿ ದಷ್ಟಪುಷ್ಟವಾಗಿಯೂ ಸೇತುವೆಯ ಪಟ್ಟಿ ಬಡಕಲಾಗಿಯೂ ಇರುತ್ತದೆ. ಪಟ್ಟಿಯ ಎತ್ತರ ನೋಡಿ ತಲೆ ಎಣಿಸಿದ್ದರೆ ಲೆಕ್ಕ ಪೂರ್ತಿ ತಪ್ಪುತ್ತಿತ್ತು. ಕಾರಣ ಮತ್ತೆ ಅದೇ ಹಿಡಿತ. ಒಟ್ಟಾಗಿ ಕಂಪಿಸುವಾಗ ಹೆಚ್ಚು ಕಂಪನಾಂಕದ ಪಟ್ಟಿ ಕಡಿಮೆಯದರ ಬಲವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

ವಿಳಾಸದ ನಿಯಮಕ್ಕೆ ನೇರ ಪೆಟ್ಟು ಬಿದ್ದದ್ದು ನಿಕಲ್ ಮೇಲೆ. ಅದರ ಒತ್ತು ಜೋಡಣೆಯ ಮುಖದಲ್ಲಿ ಅಣುಗಳು ಅರ್ಧ ತುಂಬಿದಾಗ ಪಟ್ಟಿ 1900ರ ಚಿಲ್ಲರೆಯಲ್ಲಿ ಬರುತ್ತದೆ. ಅಂದರೆ ಸೇತುವೆ ಎಂದು ಎಲ್ಲರೂ ಬರೆದರು, ಯಾರಿಗೂ ಅನುಮಾನ ಬರಲಿಲ್ಲ. 1990ರ ದಶಕದ ಮೊದಲಲ್ಲಿ ಎಕ್ಸ್ ಕಿರಣಗಳಿಂದ ಹೊರಬಿದ್ದ ಎಲೆಕ್ಟ್ರಾನುಗಳ ವಿವರ್ತನೆಯನ್ನು ಅಳೆದು ನೋಡಿದರೆ, ಅಣುಗಳು ಎರಡರ ನಡುವಿನ ಸೇತುವೆಯಲ್ಲಿ ಇರಲೇ ಇಲ್ಲ. ಮೂರು ಪರಮಾಣುಗಳ ಮಧ್ಯದ ಕುಳಿಯಲ್ಲಿ ಕೂತಿದ್ದವು. ನಲವತ್ತು ವರ್ಷದ ಕೋಷ್ಟಕದಲ್ಲಿ ಕುಳಿಗೆ ಮೀಸಲಿಟ್ಟದ್ದು ಇನ್ನೂ ಕೆಳಗಿನ ಅಂಕಿಗಳನ್ನು. ಹೀಗಿದ್ದರೂ ಆ ಕೋಷ್ಟಕವನ್ನು ಯಾರೂ ಹರಿದು ಹಾಕಿಲ್ಲ, ಹಾಕಲೂಬಾರದು ಎಂಬುದು ನನ್ನ ಅಭಿಪ್ರಾಯ. ಬಹಳ ಸಲ ಅದು ಸರಿಯಾಗಿಯೇ ಹೇಳುತ್ತದೆ. ಎಲ್ಲಿ ಸರಿ ಎಂಬುದನ್ನು ಮಾತ್ರ ಅದೇ ಹೇಳಲಾರದು.

ಬೆಳಕಿನ ಸಾಕ್ಷ್ಯ ಗೆದ್ದ ಪ್ರಸಂಗವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 2001ರಲ್ಲಿ ಹಲವು ಹೆಸರಾಂತ ಸಿದ್ಧಾಂತಿಗಳು ಒಟ್ಟಾಗಿ ಒಂದು ಪ್ರಬಂಧ ಪ್ರಕಟಿಸಿದರು. ವಿಷಯ, ಪ್ಲಾಟಿನಂ ಮೇಲಿನ ಕಾರ್ಬನ್ ಮಾನಾಕ್ಸೈಡಿನ ಒಗಟು. ಆಗ ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಕ್ವಾಂಟಂ ಲೆಕ್ಕಾಚಾರದ ವಿಧಾನ ಅಣುವನ್ನು ಮೂರು ಪರಮಾಣುಗಳ ಕುಳಿಯಲ್ಲಿ ಕೂರಿಸುತ್ತಿತ್ತು. ಪ್ರಯೋಗಗಳೆಲ್ಲ, ರೋಹಿತವೂ ಸೇರಿ, ವಿರಳವಾಗಿರುವಾಗ ಅಣು ನೆತ್ತಿಯ ಮೇಲೆ ಕೂರುತ್ತದೆ ಎನ್ನುತ್ತಿದ್ದವು. ಗಣಕಯಂತ್ರವನ್ನು ಎಷ್ಟು ಜಾಗರೂಕತೆಯಿಂದ ಓಡಿಸಿದರೂ ಉತ್ತರ ಬದಲಾಗಲಿಲ್ಲ. ತಪ್ಪು ವಿಧಾನದ ಬುಡದಲ್ಲೇ ಇತ್ತು. ಬ್ಲೈಹೋಲ್ಡರ್ ಹೇಳಿದ ಆ ಖಾಲಿ ಜಾಗವನ್ನು ಅದು ನಿಜಕ್ಕಿಂತ ಕೆಳಗಿನ ಶಕ್ತಿಯಲ್ಲಿ ಇಡುತ್ತಿತ್ತು, ಹಾಗಾಗಿ ಲೋಹ ನಿಜವಾಗಿ ಕೊಡುವುದಕ್ಕಿಂತ ಹೆಚ್ಚು ಎಲೆಕ್ಟ್ರಾನುಗಳನ್ನು ಕೊಟ್ಟಂತೆ ತೋರುತ್ತಿತ್ತು. ಎರಡು ಪರಮಾಣುಗಳ ಅಣು, ಶುದ್ಧ ಲೋಹ, ಆದರೂ ಎಲ್ಲಿ ಕೂರುತ್ತದೆ ಎಂದು ಸರಿಯಾಗಿ ಲೆಕ್ಕ ಹಾಕಲು ಇಷ್ಟು ಪಾಡು.

ಬೆಂಗಳೂರಿನಲ್ಲಿ ಬೆಳಕಿನ ಬಗ್ಗೆ ಮಾತನಾಡಿ ರಾಮನ್ ಹೆಸರೆತ್ತದೆ ಇಳಿದರೆ ನೀವು ಬಿಡುವುದಿಲ್ಲ. ಬಿಡಲೂಬಾರದು. 1928ರ ಮಾರ್ಚ್ 16ರಂದು ‘ಹೊಸ ವಿಕಿರಣ’ದ ಬಗ್ಗೆ ಅವರು ವಿಸ್ತಾರವಾಗಿ ಉಪನ್ಯಾಸ ಕೊಟ್ಟದ್ದು ಇದೇ ಊರಿನಲ್ಲಿ. ಚದುರಿದ ಬೆಳಕಿನ ಬಹಳ ಸಣ್ಣ ಪಾಲು ಅಣುವಿನ ಕಂಪನದ ಗುರುತನ್ನು ಹೊತ್ತು ಬಣ್ಣ ಬದಲಿಸಿಕೊಂಡು ಬರುತ್ತದೆ ಎಂಬುದು ಆ ಶೋಧ. ಆ ಪಾಲು ಎಷ್ಟು ಕಡಿಮೆಯೆಂದರೆ ಒಂದೇ ಪದರದ ಅಣುಗಳಿಂದ ಅದನ್ನು ಹಿಡಿಯುವ ಆಸೆ ಯಾರಿಗೂ ಇರಲಿಲ್ಲ. ರಾಮನ್ 1970ರಲ್ಲಿ ತೀರಿಕೊಂಡರು. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫ್ಲೈಶ್‌ಮನ್, ಹೆಂಡ್ರ, ಮೆಕ್‌ಕ್ವಿಲನ್ ಎಂಬ ಮೂವರು ಒರಟಾಗಿಸಿದ ಬೆಳ್ಳಿಯ ವಿದ್ಯುದ್ವಾರದ ಮೇಲೆ ಪಿರಿಡಿನ್ ಅಣುಗಳ ರಾಮನ್ ರೋಹಿತವನ್ನು ಧಾರಾಳವಾಗಿ ಕಂಡರು. ಒರಟಾಗಿಸಿದ್ದರಿಂದ ಮೇಲ್ಮೈ ಹೆಚ್ಚಾಯಿತು, ಅದಕ್ಕೇ ಇಷ್ಟು ಬಂತು ಎಂಬುದು ಅವರ ತರ್ಕ. ಮೂರು ವರ್ಷದ ನಂತರ ಎರಡು ಬೇರೆ ಗುಂಪುಗಳು ಲೆಕ್ಕ ಹಾಕಿದಾಗ ಮೇಲ್ಮೈ ಎಷ್ಟು ಹೆಚ್ಚಿದರೂ ಸಾಲದು ಎಂದಾಯಿತು. ಸಿಗ್ನಲ್ ಲಕ್ಷ, ಹತ್ತು ಲಕ್ಷ ಪಟ್ಟು ಹಿಗ್ಗಿತ್ತು. ಬೆಳ್ಳಿಯ ಸಣ್ಣ ಉಬ್ಬುಗಳಲ್ಲಿ ಎಲೆಕ್ಟ್ರಾನುಗಳು ಬೆಳಕಿನ ಜೊತೆ ಸಾಮೂಹಿಕವಾಗಿ ತೂಗಿ ಅಲ್ಲಿನ ಕ್ಷೇತ್ರವನ್ನು ಬೆಳೆಸುತ್ತವೆ. ಈ ಫ್ಲೈಶ್‌ಮನ್ ಮುಂದೆ 1989ರಲ್ಲಿ ಶೀತಲ ಸಮ್ಮಿಳನದ ಘೋಷಣೆಯಿಂದ ನಗೆಪಾಟಲಾದ ಅದೇ ಫ್ಲೈಶ್‌ಮನ್. ಬೆಳ್ಳಿಯ ಪ್ರಯೋಗದಲ್ಲಿ ಕಂಡದ್ದು ನಿಜ, ವಿವರಣೆ ಸಾಲದು. ಇನ್ನೊಂದರಲ್ಲಿ ಕಂಡದ್ದೇ ನಿಲ್ಲಲಿಲ್ಲ.

ಈ ವರ್ಧನೆ ಬೆಳ್ಳಿ, ಚಿನ್ನ, ತಾಮ್ರಗಳ ಸೊತ್ತು. ನಮ್ಮ ಪ್ಲಾಟಿನಂಗೆ ದಕ್ಕುವುದು ಕಡಿಮೆ. 2010ರಲ್ಲಿ ಚೀನಾದ ಶಿಯಾಮೆನ್‌ನ ಗುಂಪು ಚಿನ್ನದ ಕಣಗಳಿಗೆ ಸಿಲಿಕಾದ ತೆಳು ಪೊರೆ ಹೊದಿಸಿ, ಅವನ್ನು ಬೇಕಾದ ಲೋಹದ ಮೇಲೆ ಉದುರಿಸಿ ವರ್ಧನೆಯನ್ನು ಎರವಲು ತಂದಿತು. ನಮ್ಮ ಸಿ. ಎನ್. ಆರ್. ರಾವ್ ಅವಕೆಂಪು ರೋಹಿತದ ರಾಸಾಯನಿಕ ಬಳಕೆಗಳ ಮೇಲೆ 1963ರಲ್ಲಿಯೇ ಪುಸ್ತಕ ಬರೆದವರು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಗುಂಪು ಲೋಹಗಳ ಮೇಲೆ ಕೂತ ಅನಿಲಗಳನ್ನು ಎಲೆಕ್ಟ್ರಾನ್ ರೋಹಿತದಿಂದ ಅಭ್ಯಸಿಸಿತು. ಅದೇ ಆವರಣದಲ್ಲಿ ಎಂ. ಎಸ್. ಹೆಗ್ಡೆಯವರು ಪ್ಲಾಟಿನಂ ಅನ್ನು ಲೋಹದ ಕಣವಾಗಿ ಇಡದೆ ಸೀರಿಯಂ ಆಕ್ಸೈಡಿನ ಹರಳಿನೊಳಗೆ ಅಯಾನುಗಳಾಗಿ ಹುದುಗಿಸಿ, ಹೊಗೆ ಶುದ್ಧೀಕರಣಕ್ಕೆ ಅದನ್ನು ಬಳಸುವ ದಾರಿ ಹಿಡಿದರು. ಆ ಕಥೆಗೆ ಇನ್ನೊಂದು ಉಪನ್ಯಾಸವೇ ಬೇಕು.

ಇಲ್ಲಿಯವರೆಗೆ ಹೇಳಿದ ಹರಳಿನ ಪ್ರಯೋಗಗಳೆಲ್ಲ ನಿರ್ವಾತದಲ್ಲಿ ನಡೆದವು. ಕಾರಿನ ಹೊಗೆಕೊಳವೆಯಲ್ಲಿ ನಿರ್ವಾತ ಎಲ್ಲಿದೆ? ಅನಿಲ ತುಂಬಿದ ಕೋಣೆಯಲ್ಲಿ ಅವಕೆಂಪು ಬೆಳಕು ಹಾಯಿಸಿದರೆ ಮೇಲ್ಮೈಯ ದನಿ ಅನಿಲದ ಗದ್ದಲದಲ್ಲಿ ಮುಳುಗುತ್ತದೆ. ಇದಕ್ಕೆ ಎರಡು ದಾರಿ ಸಿಕ್ಕಿವೆ. ಒಂದು, ಬೆಳಕಿನ ಧ್ರುವೀಕರಣವನ್ನು ಬೇಗ ಬೇಗ ಬದಲಿಸುವುದು. ತೇಲುವ ಅನಿಲಕ್ಕೆ ಎರಡೂ ಧ್ರುವೀಕರಣ ಒಂದೇ, ಮೇಲ್ಮೈಯ ಅಣುವಿಗೆ ಒಂದು ಮಾತ್ರ ಕಾಣುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಅನಿಲ ಮಾಯ. ಎರಡನೆಯದು ಬರ್ಕ್‌ಲಿಯ ವೈ. ಆರ್. ಶೆನ್ ಬೆಳೆಸಿದ್ದು. ಅವಕೆಂಪು ಲೇಸರನ್ನೂ ಕಣ್ಣಿಗೆ ಕಾಣುವ ಲೇಸರನ್ನೂ ಒಂದೇ ಜಾಗಕ್ಕೆ ಬಿಟ್ಟರೆ ಎರಡರ ಮೊತ್ತದ ಕಂಪನಾಂಕದ ಬೆಳಕು ಹುಟ್ಟುತ್ತದೆ. ಎತ್ತ ನೋಡಿದರೂ ಒಂದೇ ಥರ ಇರುವ ಅನಿಲದಲ್ಲಿ ಅದು ಹುಟ್ಟುವಂತಿಲ್ಲ, ಎರಡು ಲೋಕಗಳು ಕೂಡುವ ಮೇಲ್ಮೈಯಲ್ಲಿ ಹುಟ್ಟುತ್ತದೆ. ಬಂದ ಬೆಳಕೆಲ್ಲ ಮೇಲ್ಮೈಯದೇ.

ಶೆನ್ ಮತ್ತು ಗೇಬರ್ ಸೊಮೊರ್ಜೈ ಗುಂಪು ತೊಂಬತ್ತರ ದಶಕದಲ್ಲಿ ಈ ವಿಧಾನದಿಂದ ಪ್ಲಾಟಿನಂ ಮೇಲೆ ಕಾರ್ಬನ್ ಮಾನಾಕ್ಸೈಡ್ ಉರಿಯುತ್ತಿರುವಾಗಲೇ ನೋಡಿತು. ರೋಹಿತದಲ್ಲಿ ಎದ್ದು ಕಾಣುತ್ತಿದ್ದದ್ದು ನೆತ್ತಿಯ ಮೇಲಿನ ಅಣುವಿನ ಪಟ್ಟಿ. ಆದರೆ ಆ ಪಟ್ಟಿ ದೊಡ್ಡದಾದಾಗ ಕ್ರಿಯೆ ನಿಧಾನವಾಗುತ್ತಿತ್ತು, ಕುಗ್ಗಿದಾಗ ಚುರುಕಾಗುತ್ತಿತ್ತು. ನಾವು ದಶಕಗಳಿಂದ ಅಭ್ಯಾಸ ಮಾಡಿದ ಅಣು ಕೆಲಸದಲ್ಲಿ ಪಾಲುಗೊಳ್ಳದೆ ಜಾಗ ಹಿಡಿದು ಕೂತದ್ದು, ಉರಿಯುತ್ತಿರುವುದು ರೋಹಿತದಲ್ಲಿ ಮಸುಕಾಗಿರುವ ಬೇರೆಯದು ಎಂದು ಅವರು ವಾದಿಸಿದರು. ಎಲ್ಲರೂ ಒಪ್ಪಲಿಲ್ಲ. ಆದರೆ ರೋಹಿತದಲ್ಲಿ ಕಂಡ ಅಣುವೇ ಕೆಲಸ ಮಾಡುವ ಅಣು ಎಂದು ಸಾಬೀತು ಮಾಡದೆ ಬರೆಯುವ ಧೈರ್ಯ ಆಮೇಲೆ ಕಡಿಮೆಯಾಯಿತು. ನನ್ನ ಲೆಕ್ಕದಲ್ಲಿ ಅದು ಒಳ್ಳೆಯದೇ ಆಯಿತು.

ಈ ಎಲ್ಲ ಪಾಠ ಈಗ ಬಳಕೆಗೆ ಬರುತ್ತಿರುವುದು ಒಂಟಿ ಪರಮಾಣುವಿನ ಕ್ರಿಯಾವರ್ಧಕಗಳಲ್ಲಿ. ಪ್ಲಾಟಿನಂ ದುಬಾರಿ, ಕಣದ ಹೊಟ್ಟೆಯೊಳಗಿನ ಪರಮಾಣುಗಳು ದಂಡ. ಹಾಗಾದರೆ ಒಂದೊಂದೇ ಪರಮಾಣುವನ್ನು ಆಕ್ಸೈಡಿನ ಮೇಲೆ ದೂರ ದೂರ ನೆಟ್ಟರೆ? 2011ರಲ್ಲಿ ಚೀನಾದ ಡಾಲಿಯನ್‌ನ ಜಾಂಗ್ ಟಾವ್ ಮತ್ತು ಸಂಗಡಿಗರು ಕಬ್ಬಿಣದ ಆಕ್ಸೈಡಿನ ಮೇಲೆ ಹಾಗೆ ಮಾಡಿದರು. ನಿಜಕ್ಕೂ ಒಂಟಿಯಾಗಿವೆಯೇ, ಗುಂಪು ಕಟ್ಟಿವೆಯೇ ಎಂದು ತಿಳಿಯಲು ಸೂಕ್ಷ್ಮದರ್ಶಕದ ಜೊತೆಗೆ ಕಾರ್ಬನ್ ಮಾನಾಕ್ಸೈಡನ್ನೂ ಕಳಿಸಿದರು. 2080ರ ಹತ್ತಿರ ಒಂದು ಪಟ್ಟಿ ಬಂತು. ಅನಿಲದ ಒತ್ತಡ ಹೆಚ್ಚಿಸಿದರೂ ಅದು ಜರುಗಲಿಲ್ಲ. ಐಶೆನ್ಸ್ ಕಾಲದಲ್ಲಿ ತಲೆನೋವಾಗಿದ್ದ ನೆರೆಯವರ ಹಿಡಿತ ಇಲ್ಲಿ ಪತ್ತೆದಾರನ ಕೆಲಸ ಮಾಡಿತು: ಪಟ್ಟಿ ಏರುತ್ತಿಲ್ಲ ಎಂದರೆ ಪಕ್ಕದಲ್ಲಿ ಹಿಡಿದುಕೊಳ್ಳಲು ಇನ್ನೊಂದು ಅಣು ಇಲ್ಲ, ಪ್ಲಾಟಿನಂ ಒಂಟಿಯಾಗಿದೆ.

ಒಂಟಿ ಎಂದು ಗೊತ್ತಾಯಿತು, ಕೆಲಸ ಮಾಡುವುದು ಅದೇನಾ? 2015ರಲ್ಲಿ ಅಮೆರಿಕದ ಪೀಟರ್ ಸ್ಟೇರ್ ಅವರ ಗುಂಪು ಇದಕ್ಕೊಂದು ಸರಳ ಪರೀಕ್ಷೆ ಇಟ್ಟಿತು. ಒಂಟಿ ಪರಮಾಣುಗಳೂ ಸಣ್ಣ ಕಣಗಳೂ ಎರಡೂ ಇರುವ, ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜದ ಮೇಲೆ ಕಾರ್ಬನ್ ಮಾನಾಕ್ಸೈಡ್ ಕೂರಿಸಿದರು. ಒಂಟಿಯವುಗಳ ಪಟ್ಟಿ 2115ರ ಹತ್ತಿರ, ಕಣಗಳದ್ದು ಅದಕ್ಕಿಂತ ಕೆಳಗೆ. ಆಮೇಲೆ ಆಮ್ಲಜನಕ ಬಿಟ್ಟು ಯಾವ ಪಟ್ಟಿ ಮೊದಲು ಕರಗುತ್ತದೆ ಎಂದು ಕಾದರು. ಕಣಗಳ ಪಟ್ಟಿ ಕರಗಿತು, 2115 ಅಲ್ಲಾಡಲಿಲ್ಲ. ಒಂಟಿ ಪರಮಾಣುಗಳು ಬರೀ ಪ್ರೇಕ್ಷಕರು ಎಂದು ತೀರ್ಪಾಯಿತು. ಎರಡು ವರ್ಷದಲ್ಲೇ ಕ್ಯಾಲಿಫೋರ್ನಿಯದ ಇನ್ನೊಂದು ಗುಂಪು ಟೈಟಾನಿಯಂ ಡೈಆಕ್ಸೈಡಿನ ಮೇಲೆ ಒಂಟಿ ಪ್ಲಾಟಿನಂ ನೆಟ್ಟು ನೋಡಿತು. ಅಲ್ಲಿಯೂ ಪಟ್ಟಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ, 2112ರಲ್ಲಿ ಬಂತು. ಆ ಒಂಟಿ ಪರಮಾಣುಗಳು ಮಾತ್ರ ಸಣ್ಣ ಕಣಗಳಿಗಿಂತ ಹೆಚ್ಚು ಚುರುಕಾಗಿ ಕೆಲಸ ಮಾಡಿದವು, ಅವುಗಳ ಮೇಲೆ ಕಾರ್ಬನ್ ಮಾನಾಕ್ಸೈಡ್ ಕಣಗಳ ಮೇಲಿನಷ್ಟು ಬಿಗಿಯಾಗಿ ಕೂತಿರಲಿಲ್ಲ. ಎರಡು ಪ್ರಯೋಗಾಲಯಗಳ ರೋಹಿತದ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಅಂಕಿಯಲ್ಲಿ ಮೂರರ ವ್ಯತ್ಯಾಸವಷ್ಟೇ. ಕೆಲಸ ಮಾಡುವುದು ಯಾವುದು, ಸುಮ್ಮನೆ ಕೂತದ್ದು ಯಾವುದು ಎಂದು ಬೇರ್ಪಡಿಸಿದ್ದು ಪಟ್ಟಿಯ ಜಾಗವಲ್ಲ. ಆಮ್ಲಜನಕ ಬಿಟ್ಟು, ಗಡಿಯಾರ ಇಟ್ಟುಕೊಂಡು ಕಾದು ನೋಡಿದ ಪ್ರಯೋಗ.

ನನ್ನ ಸಮಯ ಮುಗಿಯಿತೆಂದು ಅಧ್ಯಕ್ಷರು ಎರಡು ಸಲ ಗಡಿಯಾರ ನೋಡಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಬಹುದು.